ಮೈಲುತುತ್ತ ಹಾಕುವ ಮುಂಚೆ

ತಕ್ಕಡಿ ಎಂಬ ಹೆಸರು ಅವಳಿಗೆ ಬಿದ್ದದ್ದು ಏಳನೆಯ ವಯಸ್ಸಿನಲ್ಲಿ. ಅಣ್ಣನ ಪಾಲಿಗೆ ಬಂದ ಬ್ರೆಡ್ಡಿನ ಚೂರು ತನ್ನದಕ್ಕಿಂತ ದೊಡ್ಡದು ಎಂದು ರಚ್ಚೆ ಹಿಡಿದು, ಅಪ್ಪ ರಟ್ಟಿನ ಚೂರುಪಾರು ತೂಗುತ್ತಿದ್ದ ತಕ್ಕಡಿಯಲ್ಲಿ ಎರಡನ್ನೂ ಇಟ್ಟು ನೋಡಿದ್ದಳು. ಅಣ್ಣನದೇ ಹಗುರವಾಗಿತ್ತು. ಮುಖ ಸಣ್ಣದು ಮಾಡಿಕೊಂಡು ತನ್ನದರಿಂದ ಒಂದಿಷ್ಟು ಚಿವುಟಿ ಅವನಿಗೆ ಕೊಟ್ಟಳು. ಅವನು ಅದನ್ನು ಬಾಯಿಗೆ ಹಾಕಿಕೊಂಡು, "ಸರಿಯಾಗಿ ತೂಗು ತಕ್ಕಡಿ, ಇನ್ನೂ ಸ್ವಲ್ಪ ಬರಬೇಕು" ಅಂದ. ಆವತ್ತಿನಿಂದ ಮನೆಯಲ್ಲಿ, ಬೀದಿಯಲ್ಲಿ, ಕೊನೆಗೆ ಅವಳು ಮೂವತ್ತನಾಲ್ಕು ವರ್ಷ ದುಡಿದ ನೀರು ಪರೀಕ್ಷೆಯ ಲ್ಯಾಬಿನಲ್ಲೂ ಅದೇ ಹೆಸರಾಯಿತು. ಲ್ಯಾಬಿನಲ್ಲಿ ಅದು ಹೊಗಳಿಕೆಯಾಗಿತ್ತು. ಅವಳು ಬರೆದ ಅಂಕಿಯನ್ನು ಇನ್ನೊಬ್ಬರು ಮತ್ತೆ ನೋಡುತ್ತಿರಲಿಲ್ಲ.

ಈಗ ಅವಳಿಗೆ ಅರವತ್ತೊಂದು, ಅಣ್ಣನಿಗೆ ಅರವತ್ತಾರು. ಅಣ್ಣ ಅಪ್ಪನ ಕಸುಬನ್ನೇ ಹಿಡಿದು ಪುಸ್ತಕ ಬೈಂಡಿಂಗ್ ಮಾಡಿಕೊಂಡು ಬಂದವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ತಿರುಪು ಪ್ರೆಸ್ಸು, ಗೋಡೆಗೆ ಒರಗಿಸಿದ ರಟ್ಟಿನ ಹಾಳೆಗಳು, ಉಂಡೆ ಉಂಡೆ ದಾರ, ಬೆನ್ನು ಕಿತ್ತುಹೋದ ಶಾಲೆಯ ರಿಜಿಸ್ಟರುಗಳು. ಐದು ತಿಂಗಳಿನಿಂದ ಆ ಕೋಣೆಯ ಬಾಗಿಲು ತೆಗೆದಿರಲಿಲ್ಲ. ಅಣ್ಣನ ಗಂಟಲಿನಲ್ಲಿ ಗಡ್ಡೆ ಎದ್ದು, ಆಪರೇಶನ್ ಆಗಿ, ಮೂವತ್ತು ಸಲ ರೇಡಿಯೇಶನ್ನಿನ ಕರೆಂಟು ಕೊಟ್ಟು, ಎರಡು ತಿಂಗಳು ಮೂಗಿನಿಂದ ಟ್ಯೂಬು ಇಳಿಬಿಟ್ಟು, ಅಂತೂ ಜೀವ ಉಳಿದಿತ್ತು. ಟ್ಯೂಬು ತೆಗೆದು ಆರು ವಾರವಾಗಿತ್ತು. ಆದರೆ ಅವನು ಉಣ್ಣುತ್ತಿರಲಿಲ್ಲ.

"ಗಂಟಲು ಚೆನ್ನಾಗಿದೆ. ನುಂಗೋಕೆ ಏನೂ ಅಡ್ಡಿಯಿಲ್ಲ," ಅಂದಿದ್ದರು ಡಾಕ್ಟರು. "ಬಾಯಲ್ಲಿ ಜೊಲ್ಲು ಕಮ್ಮಿಯಾಗಿದೆ, ರುಚಿ ಹೋಗಿದೆ. ಅದು ಬರಬಹುದು, ಬರದೇನೂ ಇರಬಹುದು. ಆದ್ರೆ ತೂಕ ಹೀಗೇ ಇಳೀತಾ ಹೋದ್ರೆ ಆಗಲ್ಲ. ಬರೋ ಸೋಮವಾರ ನಲವತ್ತೈದು ಕಿಲೋಗಿಂತ ಕೆಳಗೆ ಬಂದ್ರೆ ಮತ್ತೆ ಟ್ಯೂಬು ಹಾಕ್ತೀನಿ."

ಅಂದು ಆಸ್ಪತ್ರೆಯ ತೂಕದ ಯಂತ್ರ ತೋರಿಸಿದ್ದು ನಲವತ್ತೈದೂವರೆ. ವಾಪಸು ಬರುವಾಗ ಅಣ್ಣ ಬಸ್ಸಿನ ಕಿಟಕಿಯ ಹೊರಗೆ ನೋಡುತ್ತಾ ಹೇಳಿದ್ದು ಒಂದೇ ಮಾತು. "ಇನ್ನೊಂದು ಸಲ ಅದನ್ನ ಹಾಕಿಸ್ಕೊಳ್ಳಲ್ಲ." ಆ ಮಾತು ಹೇಳಿದ ರೀತಿ ತಕ್ಕಡಿಗೆ ಸರಿಬರಲಿಲ್ಲ. ಪಕ್ಕದಲ್ಲಿದ್ದ ಅತ್ತಿಗೆಗೂ ಬರಲಿಲ್ಲ.

ಆ ಸಂಜೆಯೇ ತಕ್ಕಡಿ ಅಣ್ಣನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಸೂಪು ಬೇಡ, ಡಬ್ಬಿಯ ಪುಡಿ ಕದಡಿದ ಹಾಲು ಬೇಡ, ಮೊಟ್ಟೆ ಬೇಡ. ಹಾಗಾದರೆ ಏನು ಬೇಕು?

"ಅಮ್ಮ ಮಾಡ್ತಿದ್ದ ಬ್ರೆಡ್ಡು," ಅಂದ ಅಣ್ಣ. "ಆಗುತ್ತಾ?"

ಅವಳನ್ನು ಸಾಗಹಾಕುವುದಕ್ಕೆ ಹೇಳಿದ ಮಾತು ಅದು. ಅಮ್ಮ ಹೋಗಿ ಇಪ್ಪತ್ತೆರಡು ವರ್ಷ. ಅಮ್ಮನ ಬ್ರೆಡ್ಡು ಅದಕ್ಕೂ ಹತ್ತು ವರ್ಷ ಮೊದಲೇ, ಅವಳ ಮೊಣಕೈ ನೋವು ಶುರುವಾದಾಗಲೇ ನಿಂತುಹೋಗಿತ್ತು. ತಕ್ಕಡಿ ಮಾತ್ರ ಅದನ್ನು ಲಿಖಿತ ಆದೇಶದಂತೆ ತೆಗೆದುಕೊಂಡಳು.

ಅಮ್ಮನ ನೋಟುಬುಕ್ಕು ಅವಳ ಹತ್ತಿರವೇ ಇತ್ತು. ಮೂರು ಲೋಟ ಮೈದಾ, ಅರ್ಧ ಲೋಟ ಹಾಲು, ಒಂದು ಮೊಟ್ಟೆ, ಮೂರು ಚಮಚ ಸಕ್ಕರೆ, ಒಂದು ಚಮಚ ಉಪ್ಪು, ಎರಡು ಚಮಚ ಈಸ್ಟ್, ನಿಂಬೆಗಾತ್ರ ಬೆಣ್ಣೆ. ಅಮ್ಮನ ಲೋಟವೂ ಇತ್ತು. ಅದರಲ್ಲಿ ತುಂಬುವ ಮೈದಾ ನೂರಹತ್ತು ಗ್ರಾಂ, ನೀರು ಇನ್ನೂರು ಗ್ರಾಂ. ತಕ್ಕಡಿ ಎಲ್ಲವನ್ನೂ ತೂಗಿ, ನಾದಿ, ಉಬ್ಬಿಸಿ, ತನ್ನ ಚಿಕ್ಕ ಓವನ್ನಿನಲ್ಲಿ ಸುಟ್ಟಳು. ಹೊರಗೆ ಬಂದದ್ದನ್ನು ಅತ್ತಿಗೆ ಎರಡು ಕೈಯಲ್ಲಿ ಎತ್ತಿ ನೋಡಿ, ಬೆರಳಿನ ಗೆಣ್ಣಿನಿಂದ ತಟ್ಟಿದಳು. ಟಕ್ ಟಕ್ ಎಂದಿತು.

"ರೀ, ನಿಮ್ಮ ತಂಗಿ ರಟ್ಟು ಮಾಡಿದ್ದಾಳೆ. ಅಂಗಡಿ ತೆಗೆಯೋದೊಂದೇ ಬಾಕಿ," ಅಂದಳು.

"ರಟ್ಟಿಗೆ ಅವಮಾನ ಮಾಡ್ಬೇಡ. ರಟ್ಟು ಬಗ್ಗುತ್ತೆ," ಅಂದ ಅಣ್ಣ ಮಂಚದಿಂದಲೇ. ಆಪರೇಶನ್ ಆದಮೇಲೆ ಅವನ ದನಿ ಮರಳುಕಾಗದ ಉಜ್ಜಿದ ಹಾಗಿತ್ತು. ಆದರೂ ಅದು ಅವನ ಹಳೆಯ ಕೊಂಕೇ. ತಕ್ಕಡಿಗೆ ಸಿಟ್ಟು ಬರುವ ಬದಲು ಸಮಾಧಾನವಾಯಿತು.

ಎರಡನೆಯ ಸಲ ಹಾಲು ಹೆಚ್ಚಿಗೆ ಹಾಕಿದಳು. ಬ್ರೆಡ್ಡು ಮೆತ್ತಗಾಯಿತು, ಆದರೆ ಕತ್ತರಿಸಿದರೆ ಪುಡಿಪುಡಿ. ಮೂರನೆಯದು ನಡುವೆ ಬೇಯಲಿಲ್ಲ. ನಾಲ್ಕನೆಯದು, ಐದನೆಯದು ಬಿಸಿಯಿದ್ದಾಗ ಚೆನ್ನಾಗಿದ್ದವು, ಬೆಳಗಾಗುವಷ್ಟರಲ್ಲಿ ಒಣಗಿದವು. ಅಣ್ಣ ಪ್ರತಿಯೊಂದರಿಂದಲೂ ಒಂದು ತುಣುಕು ತಿಂದ. ಒಂದು ತುಣುಕಿಗೆ ಮೂರು ಗುಟುಕು ನೀರು ಬೇಕಾಗುತ್ತಿತ್ತು. ಬಾಯಿಯಲ್ಲಿ ಒದ್ದೆಯೇ ಇಲ್ಲದವನಿಗೆ ಪುಡಿ ಬ್ರೆಡ್ಡು ಮರಳು ತಿಂದ ಹಾಗೆ. ನೀರಿನಲ್ಲೇ ಹೊಟ್ಟೆ ತುಂಬಿ, ತಟ್ಟೆ ಪಕ್ಕಕ್ಕೆ ಸರಿಯುತ್ತಿತ್ತು.

ಬುಧವಾರ ಬೆಳಿಗ್ಗೆ ಮನೆಯ ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ನಲವತ್ತನಾಲ್ಕು ಕಿಲೋ ಎಂಟುನೂರು ಗ್ರಾಂ. ತಕ್ಕಡಿ ಅಂಕಿಯನ್ನು ಬರೆದುಕೊಂಡಳು. ಜೀವನದಲ್ಲಿ ಮೊದಲ ಬಾರಿಗೆ, ತಾನು ಓದಿದ್ದು ತಪ್ಪಿರಲಿ ಎಂದು ಇನ್ನೊಮ್ಮೆ ಬಗ್ಗಿ ನೋಡಿದಳು.

ಲೆಕ್ಕವೇ ಅವಳನ್ನು ಕಾಡುತ್ತಿತ್ತು. ಅಮ್ಮ ಬರೆದ ಪ್ರಕಾರ ನೂರು ಗ್ರಾಂ ಹಿಟ್ಟಿಗೆ ನೀರಿನಂಶ ನಲವತ್ತು ಗ್ರಾಂ ಕೂಡ ಆಗುವುದಿಲ್ಲ. ಮೆತ್ತನೆ ಬ್ರೆಡ್ಡಿಗೆ ಅರವತ್ತಾದರೂ ಬೇಕು. ಅಮ್ಮ ಶಾಲೆಯಲ್ಲಿ ಓದಿದ್ದು ನಾಲ್ಕನೆಯ ಕ್ಲಾಸಿನವರೆಗೆ ಮಾತ್ರ. ಆದರೂ ಅಂಗಡಿಗೆ ಬಂದ ದಾರದ ಉಂಡೆಯನ್ನು ಎಣಿಸದೆ ಒಳಗಿಟ್ಟವಳಲ್ಲ. ಅಂಥವಳು ಹಾಲನ್ನು ತಪ್ಪಾಗಿ ಬರೆದಳೇ? ಬೇರೆ ಯಾವುದೋ ಲೋಟವೇ? ಹಾಲಿನ ಜೊತೆ ಇನ್ನೇನೋ ಇತ್ತೇ?

ಗುರುವಾರ ಮಧ್ಯಾಹ್ನ ಅವಳು ಆರನೆಯದಕ್ಕೆ ಮೈದಾ ತೂಗುತ್ತಿದ್ದಾಗ, ಅಣ್ಣ ಗೋಡೆ ಹಿಡಿದುಕೊಂಡು ಬಂದು ಅಡುಗೆಮನೆಯ ಹೊಸ್ತಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತ. ಅತ್ತಿಗೆ ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. ಯಂತ್ರದ ಸದ್ದು ಆಗಾಗ ನಿಂತು, ಆಗಾಗ ಓಡುತ್ತಿತ್ತು.

"ಎಷ್ಟನೇದು ಇದು?" ಅಂದ ಅಣ್ಣ.

"ಆರನೇದು. ಗೇಲಿ ಮಾಡೋದಿದ್ರೆ ಈಗಲೇ ಮಾಡಿ ಮುಗಿಸು."

"ಗೇಲಿ ಮಾಡೋಕೂ ಉಸಿರು ಬೇಕಲ್ಲೇ."

"ಅಮ್ಮಂದು ಮೂರು ದಿನ ಆದ್ರೂ ಹಾಗೇ ಇರ್ತಿತ್ತು, ಅಲ್ವಾ? ನಾನು ಭ್ರಮೆ ಪಟ್ಕೋತಿಲ್ಲ ತಾನೇ?"

"ಭ್ರಮೆ ಏನು ಬಂತು! ಶನಿವಾರ ಮಾಡಿದ್ದು ಸೋಮವಾರ ನಮ್ಮ ಸ್ಕೂಲಿನ ಡಬ್ಬಿಗೆ ಬರ್ತಿತ್ತು. ಹಿಂಡಿದ್ರೆ ಮತ್ತೆ ಉಬ್ತಿತ್ತು. ಎಳೆದ್ರೆ ಎಳೆ ಎಳೆ."

ಇಬ್ಬರಿಗೂ ಆ ಎಳೆಗಳು ನೆನಪಾದವು. ಶನಿವಾರ ಸಂಜೆ ಮನೆಯೊಳಗೆ ಕಾಲಿಡುವಾಗ ಮೊದಲು ಮೂಗಿಗೆ ಬಡಿಯುತ್ತಿದ್ದದ್ದು ಅಂಗಡಿಯ ರಟ್ಟು ಮತ್ತು ಹಳೆ ಕಾಗದದ ವಾಸನೆ. ಅದನ್ನು ದಾಟಿದ ಮೇಲೆ ಬ್ರೆಡ್ಡಿನದು. ಅಮ್ಮನ ಓವನ್ ಎಂದರೆ ಸೀಮೆಎಣ್ಣೆ ಒಲೆಯ ಮೇಲೆ ಕೂರಿಸಿದ ತಗಡಿನ ಪೆಟ್ಟಿಗೆ. ಅದರ ಬಾಗಿಲಿಗೆ ಚಿಲಕ ಇರಲಿಲ್ಲ, ಒಂದು ಇಟ್ಟಿಗೆ ಆನಿಸುತ್ತಿದ್ದಳು. ಅಪ್ಪ ಕೈ ತೊಳೆದು ಬಂದು ಕೂರುವವರೆಗೆ ಬ್ರೆಡ್ಡನ್ನು ಯಾರೂ ಮುಟ್ಟುವಂತಿರಲಿಲ್ಲ. ಅಪ್ಪ ಕೈ ತೊಳೆಯುವುದಕ್ಕೆ ಬೇಕೆಂದೇ ತಡಮಾಡುತ್ತಿದ್ದ.

"ಶನಿವಾರಾನೇ ಯಾಕೆ ಮಾಡ್ತಿದ್ಲು?" ತಕ್ಕಡಿ ಕೇಳಿದಳು. "ಭಾನುವಾರ ಮಾಡಿದ್ರೆ ಸ್ಕೂಲಿಗೆ ಹೊಸದೇ ಸಿಗ್ತಿತ್ತಲ್ಲ?"

"ಅಂಟು ಕಾಯಿಸ್ತಿದ್ದದ್ದು ಶನಿವಾರ."

"ಅಂಟಿಗೂ ಬ್ರೆಡ್ಡಿಗೂ ಎಲ್ಲಿಂದೆಲ್ಲಿಗೆ ಸಂಬಂಧ?"

"ಒಲೆ ಒಂದೇ ಅಲ್ವಾ? ನೀನು ಅಪ್ಪನ ಜೊತೆ ಪುಸ್ತಕ ಮುಟ್ಟಿಸೋಕೆ ಹೋಗ್ತಿದ್ದೆ, ನಿನಗೆ ಗೊತ್ತಿಲ್ಲ. ನಾನು ವಾರಕ್ಕಾಗುವಷ್ಟು ಮೈದಾ ಅಂಟು ಕಾಯಿಸಿ ಇಳಿಸಿದ ಮೇಲೆ ಅವಳು ಬ್ರೆಡ್ಡಿನ ಕೆಲಸಕ್ಕೆ ನಿಲ್ತಿದ್ಲು." ಅಣ್ಣ ನೀರು ಗುಟುಕರಿಸಿದ. "ಅದರಲ್ಲೂ ಒಂದು ತಾಕೀತು. 'ತುತ್ತ ಹಾಕೋಕೆ ಮುಂಚೆ ನನ್ನ ಕರಿ.' ವಾರ ವಾರ ಅದೇ. ನಾನೇನಾದ್ರೂ ಮರೆತು ಹಾಕಿಬಿಟ್ರೆ ಕಿವಿ ಕೈಗೆ ಬರ್ತಿತ್ತು."

ತಕ್ಕಡಿಯ ಕೈ ಮೈದಾ ಡಬ್ಬಿಯಲ್ಲೇ ನಿಂತಿತು.

ಬೈಂಡಿಂಗಿನ ಅಂಟು ಎಂದರೆ ಮೈದಾವನ್ನು ನೀರಿನಲ್ಲಿ ಕದಡಿ ಕಾಯಿಸಿದ್ದು, ಅಷ್ಟೇ. ಪುಸ್ತಕಕ್ಕೆ ಹುಳ ಹತ್ತದಿರಲಿ ಎಂದು ಕೊನೆಯಲ್ಲಿ ಅದಕ್ಕೆ ಚಿಟಿಕೆ ಮೈಲುತುತ್ತ ಬೀಳುತ್ತದೆ. ಆ ನೀಲಿ ಹರಳು ವಿಷ. ಅದು ಬೀಳುವ ಮುಂಚಿನ ಅಂಟಿನಲ್ಲಿ ಹಿಟ್ಟು ಮತ್ತು ನೀರು ಬಿಟ್ಟರೆ ಬೇರೇನೂ ಇಲ್ಲ.

"ಕರೆದ್ರೆ ಬಂದು ಏನು ಮಾಡ್ತಿದ್ಲು?"

"ಒಂದು ಬಟ್ಟಲಿಗೆ ಒಂದು ಸೌಟು ತಗೊಂಡು ಹೋಗ್ತಿದ್ಲು."

"ಯಾಕೆ?"

"ಡಬ್ಬಿಗಳಿಗೆ ಚೀಟಿ ಅಂಟಿಸೋಕೆ. ಸಕ್ಕರೆ, ಉಪ್ಪು ಅಂತೆಲ್ಲ ಬರೆದು ಅಂಟಿಸಿರ್ತಿದ್ಲಲ್ಲ?"

"ಅಣ್ಣ," ಅಂದಳು ತಕ್ಕಡಿ, ಲ್ಯಾಬಿನಲ್ಲಿ ಹೊಸಬರಿಗೆ ಹೇಳುತ್ತಿದ್ದ ದನಿಯಲ್ಲಿ. "ನಮ್ಮ ಮನೇಲಿ ಇದ್ದದ್ದು ಒಂಬತ್ತು ಡಬ್ಬಿ. ವಾರ ವಾರ ಒಂದು ಸೌಟು ಅಂಟು ಯಾವ ಡಬ್ಬಿಗೆ ಹಚ್ತಿದ್ಲು? ಹಚ್ಚೋ ಅಂಟಾದ್ರೆ ತುತ್ತ ಇದ್ರೇನು, ಬಿಟ್ರೇನು?"

ಅಣ್ಣನ ಅರವತ್ತಾರು ವರ್ಷದ ಆ ಮುಖದಲ್ಲಿ ಹನ್ನೆರಡು ವರ್ಷದವನ ಪೆಚ್ಚು ಮೂಡಿತು. ಆಮೇಲೆ ಅವನ ಭುಜ ಕುಲುಕತೊಡಗಿತು. ತಕ್ಕಡಿ ಗಾಬರಿಯಿಂದ ನೀರಿನ ಲೋಟ ಎತ್ತಿಕೊಂಡಳು. ಬೇಕಿರಲಿಲ್ಲ, ಅವನು ನಗುತ್ತಿದ್ದ.

"ಅಯ್ಯೋ ನಮ್ಮವ್ವ," ಅಂದ. "ನಮಗೆ ಅಂಟು ತಿನ್ನಿಸಿದ್ಲಲ್ಲೇ."

ಹೊಲಿಗೆ ಯಂತ್ರದ ಸದ್ದು ನಿಂತಿತು. "ಏನಂತೆ? ಯಾರಿಗೆ ತಿನ್ನಿಸಿದ್ರು?" ಎಂದು ಅತ್ತಿಗೆ ಒಳಗಿನಿಂದ ಕೂಗಿದಳು.

ಅಮ್ಮ ಅದನ್ನು ಬರೆದಿಡದೆ ಹೋದದ್ದು ತಕ್ಕಡಿಗೆ ಈಗ ವಿಚಿತ್ರವೆನಿಸಲಿಲ್ಲ. ಆ ಮನೆಯಲ್ಲಿ ಶನಿವಾರ ಅಂಟು ಇದ್ದೇ ಇರುತ್ತಿತ್ತು, ನಲ್ಲಿಯಲ್ಲಿ ನೀರು ಇದ್ದ ಹಾಗೆ. ಲೆಕ್ಕ ಹಾಕಿದಳು. ಒಂದು ಸೌಟು ಎಂದರೆ ನೂರಿಪ್ಪತ್ತು ಗ್ರಾಂ. ಅದರಲ್ಲಿ ಹಿಟ್ಟು ಇಪ್ಪತ್ತು, ನೀರು ನೂರು. ಒಟ್ಟು ಸೇರಿಸಿದರೆ ನೀರಿನಂಶ ನೂರಕ್ಕೆ ಅರವತ್ತೈದು. ಅಮ್ಮನ ಲೆಕ್ಕ ಒಂದು ಗ್ರಾಂ ಕೂಡ ತಪ್ಪಿರಲಿಲ್ಲ.

"ಅಂಗಡಿ ಪಾತ್ರೆ ತರ್ಲಾ?" ಎನ್ನುತ್ತಾ ಅಣ್ಣ ಎದ್ದೇ ಬಿಟ್ಟಿದ್ದ.

"ನಮ್ಮನ್ನೆಲ್ಲ ಮುಗಿಸ್ಬೇಕು ಅಂತಿದ್ದೀಯಾ? ಅದರಲ್ಲಿ ನಲವತ್ತು ವರ್ಷದ ತುತ್ತ ಇದೆ. ಈ ಹಾಲಿನ ಪಾತ್ರೆ ತಗೋ."

"ಸರಿ. ಈಗ ನೀನು ಪಕ್ಕಕ್ಕೆ ಸರಿ. ಇದು ನನ್ನ ಕೆಲಸ."

ಅವಳು ಸರಿದಳು. ಹಿಟ್ಟು ಮತ್ತು ನೀರನ್ನು ಮಾತ್ರ ತೂಗಿಯೇ ಕೊಟ್ಟಳು. ಅವನು ಮೊದಲು ಒಂದಿಷ್ಟೇ ತಣ್ಣೀರಿನಲ್ಲಿ ಹಿಟ್ಟನ್ನು ಗಂಟಿಲ್ಲದ ಹಾಗೆ ಕದಡಿ, ಆಮೇಲೆ ಉಳಿದ ನೀರು ಸುರಿದು, ಸಣ್ಣ ಉರಿಯ ಮೇಲಿಟ್ಟ. ಒಂದು ಕೈ ಕಟ್ಟೆಯ ಮೇಲೆ ಊರಿತ್ತು, ಇನ್ನೊಂದು ಮರದ ಚಮಚ ತಿರುಗಿಸುತ್ತಿತ್ತು. ಮಣಿಕಟ್ಟು ಕಡ್ಡಿಯಾಗಿದ್ದರೂ ತಿರುವಿನಲ್ಲಿ ತೊಡರಿರಲಿಲ್ಲ. ಚಮಚ ಪಾತ್ರೆಯ ಅಂಚಿಗೆ ಒಮ್ಮೆ, ನಡುವಿಗೆ ಒಮ್ಮೆ ಹೋಗಿ ಬರುತ್ತಿತ್ತು. ಬಿಳಿ ನೀರು ಮೊದಲು ಹಾಲಾಯಿತು, ಆಮೇಲೆ ಗಂಜಿಯಾಯಿತು. ಚಮಚ ಹಾದುಹೋದ ಕಡೆ ದಾರಿ ಬಿದ್ದು, ಆ ದಾರಿ ಮುಚ್ಚಿಕೊಳ್ಳುವುದು ನಿಧಾನವಾಗುತ್ತಾ ಬಂತು.

"ಸಾಕು. ಆರಿಸು," ಅಂದ.

ತಕ್ಕಡಿ ಒಲೆ ಆರಿಸಿ ಥರ್ಮಾಮೀಟರ್ ಅದ್ದಿದಳು. ಅರವತ್ತಾರು ಡಿಗ್ರಿ.

"ಬೈಂಡಿಂಗ್‌ಗಾದ್ರೆ ಇನ್ನೂ ಗಟ್ಟಿ ಕಾಯಿಸ್ಬೇಕು," ಅಂದ ಅಣ್ಣ. "ಅಮ್ಮ ತಗೊಂಡು ಹೋಗ್ತಿದ್ದದ್ದು ಈ ಹದದಲ್ಲಿ. ಎಷ್ಟೋ ಸಲ ನಾನು 'ಇನ್ನೂ ಆಗಿಲ್ಲಮ್ಮ, ಹಿಡಿಯಲ್ಲ ಇದು' ಅಂತಿದ್ದೆ. 'ನನಗಿಷ್ಟು ಹಿಡಿದ್ರೆ ಸಾಕು' ಅಂತಿದ್ಲು."

ಹೇಳಿ ಮುಗಿಸಿದವನು ಕುರ್ಚಿಗೆ ಕುಸಿದು ಕೂತ. ಉಸಿರು ಮೇಲಾಗಿತ್ತು. ತಕ್ಕಡಿ ಬೆನ್ನು ತಿರುಗಿಸಿ, ಅಂಟು ಕೆನೆಕಟ್ಟದ ಹಾಗೆ ಅದರ ಮೇಲೆ ಒಂದು ಹಾಳೆ ಮುಚ್ಚುವ ನೆವದಲ್ಲಿ ಕಣ್ಣೊರೆಸಿಕೊಂಡಳು.

ಅಂಟು ಆರಿದ ಮೇಲೆ ಹಿಟ್ಟಿಗೆ ಬೆರೆತಿತು. ಈ ಸಲ ಕಣಕ ಮೊದಲು ಬೆರಳಿಗೆಲ್ಲ ಮೆತ್ತಿಕೊಂಡು ರಗಳೆ ಮಾಡಿತು. ಇಪ್ಪತ್ತು ನಿಮಿಷ ನಾದಿ, ನಡುವೆ ಬೆಣ್ಣೆ ಸೇರಿಸಿದ ಮೇಲೆ ಕೈ ಬಿಟ್ಟಿತು. ಒಂದು ಚೂರನ್ನು ಎರಡೂ ಕೈಯಲ್ಲಿ ಎಳೆದು ಕಿಟಕಿಗೆ ಹಿಡಿದರೆ ಹರಿಯದೆ ಬೆಳಕು ಕಾಣಿಸುವಷ್ಟು ತೆಳ್ಳಗಾಯಿತು. ಒಂದು ಗಂಟೆ ಉಬ್ಬಲು ಬಿಟ್ಟಳು. ಮೂರು ಭಾಗ ಮಾಡಿ, ಒಂದೊಂದನ್ನೂ ಲಟ್ಟಿಸಿ, ಮಡಿಸಿ, ಚಾಪೆಯ ಹಾಗೆ ಸುತ್ತಿ ಅಚ್ಚಿನಲ್ಲಿ ಸಾಲಾಗಿ ಕೂರಿಸಿದಳು. ಕಣಕ ಅಚ್ಚಿನ ಬಾಯಿಗೆ ಬರುವವರೆಗೆ ಮತ್ತೆ ಕಾದಳು. ನೂರೆಂಬತ್ತು ಡಿಗ್ರಿಯಲ್ಲಿ ಮೂವತ್ತೆರಡು ನಿಮಿಷ. ಹತ್ತನೆಯ ನಿಮಿಷಕ್ಕೆ ವಾಸನೆ ಶುರುವಾಯಿತು. ಇಪ್ಪತ್ತನೆಯದಕ್ಕೆ ಅತ್ತಿಗೆ ಹೊಲಿಗೆ ಬಿಟ್ಟು ಬಂದು ಬಾಗಿಲಿಗೆ ಒರಗಿದಳು. ಅಣ್ಣ ಎದ್ದು ಹೋಗಲಿಲ್ಲ.

ಹೊರತೆಗೆದ ಮೇಲೆ ತಕ್ಕಡಿ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. "ಒಂದು ಗಂಟೆ ಆರಬೇಕು. ಬಿಸಿಯಲ್ಲಿ ಕೊಯ್ದರೆ ಒಳಗೆ ಮುದ್ದೆಯಾಗುತ್ತೆ."

"ಇವಳು ಅಪ್ಪನಿಗಿಂತ ಕಡೆ," ಅಂದ ಅಣ್ಣ.

ಸಂಜೆ ಐದೂಕಾಲಿಗೆ ಅವಳು ಕೊಯ್ಯದೆ, ಸುರುಳಿಗಳ ನಡುವೆ ಬೆರಳಿಟ್ಟು ಬಿಡಿಸಿದಳು. ಬ್ರೆಡ್ಡು ಸದ್ದಿಲ್ಲದೆ, ಹತ್ತಿಯ ಹಾಗೆ ಎಳೆ ಎಳೆಯಾಗಿ ಬಿಟ್ಟಿತು. ಒಂದು ಅಂಗೈಯಷ್ಟನ್ನು ತಟ್ಟೆಗೆ ಹಾಕಿ ಅಣ್ಣನ ಮುಂದಿಟ್ಟಳು, ಪಕ್ಕದಲ್ಲಿ ನೀರಿನ ಲೋಟ. ಅವನು ಎಳೆ ಕಿತ್ತು ನಾಲಿಗೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಬಾಯಿ ಆಡಿಸಿದ. ನುಂಗಿದ. ಇನ್ನೊಂದು ಕಿತ್ತ. ಹೆಂಗಸರಿಬ್ಬರೂ ಬೇರೆ ಕಡೆ ನೋಡುತ್ತಿರುವ ಹಾಗೆ ನಟಿಸಿದರು. ಅತ್ತಿಗೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ತಟ್ಟೆ ಖಾಲಿಯಾಗಲು ಇಪ್ಪತ್ತೈದು ನಿಮಿಷ ಹಿಡಿಯಿತು. ತಕ್ಕಡಿ ಲೋಟ ಎತ್ತಿಕೊಂಡಾಗ ನೀರು ತಾನು ತುಂಬಿಸಿದ ಮಟ್ಟದಲ್ಲೇ ಇತ್ತು.

"ಹೇಗಿದೆ?" ಅತ್ತಿಗೆ ತಡೆಯಲಾರದೆ ಕೇಳಿದಳು.

"ರುಚಿ ಎಲ್ಲಿ ಗೊತ್ತಾಗುತ್ತೆ ನನಗೆ? ಆದ್ರೆ ಇಳಿಯುತ್ತೆ," ಅಂದ ಅಣ್ಣ. ಸ್ವಲ್ಪ ತಡೆದು, "ಬಾಯಿಗೆ ನೆನಪಿದೆ," ಅಂದ.

ಶುಕ್ರವಾರ ಅವನು ಮೂರು ಹೊತ್ತು ತಿಂದ. ಒಮ್ಮೆ ಬೆಣ್ಣೆ ಹಚ್ಚಿ, ಒಮ್ಮೆ ಹಾಲಿನಲ್ಲಿ ಅದ್ದಿ, ಒಮ್ಮೆ ಅರೆಬೆಂದ ಮೊಟ್ಟೆಯ ಜೊತೆ. ಶನಿವಾರ ಇನ್ನೊಂದು ಬ್ರೆಡ್ಡಿಗೆ ಅಂಟು ಕಾಯಿಸಲು ತಾನೇ ಬಂದು ನಿಂತ. ಕೆಲಸದುದ್ದಕ್ಕೂ ಅಣ್ಣ ತಂಗಿಯರ ಜಗಳ ಒಂದೇ. ಅಮ್ಮನಿಗೆ ಇದು ಹೊಳೆದದ್ದು ಹೇಗೆ? ಒಂದು ವಾರ ಹಾಲು ಸಾಲದೆ ಬಂದಾಗ ಕೈಗೆ ಸಿಕ್ಕ ಅಂಟನ್ನೇ ಸುರಿದಿರಬೇಕು ಎಂದು ತಂಗಿ. ಮೈದಾ ಹಾಳಾಗಬಾರದು ಎಂದು ಮಿಕ್ಕಿದ ಅಂಟನ್ನು ಹಾಕಿ ನೋಡಿರಬೇಕು ಎಂದು ಅಣ್ಣ. ಇತ್ಯರ್ಥ ಹೇಳಬೇಕಾದವಳು ಇರಲಿಲ್ಲ.

"ನಮ್ಮ ಹತ್ರ ಯಾಕೆ ಮುಚ್ಚಿಟ್ಲು ಅಂತ?" ಅಂದಳು ತಕ್ಕಡಿ.

"ಸ್ಕೂಲಲ್ಲಿ ನಮಗೆ ಏನು ಹೆಸರಿತ್ತು, ಮರೆತ್ಯಾ? ಅಂಟಿನ ಮನೆಯವರು. ಇನ್ನು ಅಂಟು ತಿಂತಾರೆ ಅಂತ ಗೊತ್ತಾಗಿದ್ರೆ?"

"ನಿಮ್ಮಮ್ಮ ನನಗೂ ಹೇಳ್ಲಿಲ್ಲ ನೋಡಿ," ಅಂದಳು ಅತ್ತಿಗೆ. "ಮದುವೆಯಾಗಿ ಬಂದ ಹೊಸತರಲ್ಲಿ ಎಷ್ಟು ಸಲ ಕೇಳಿದ್ದೆ. 'ಕೈಗುಣ ಕಣಮ್ಮ' ಅಂದ್ಬಿಡ್ತಿದ್ರು. ನಾನು ಹತ್ತು ವರ್ಷ ನನ್ನ ಕೈನೇ ಬೈಕೊಂಡೆ."

ಭಾನುವಾರ ಬೆಳಿಗ್ಗೆ ತಕ್ಕಡಿ ಗುರುವಾರದ ಬ್ರೆಡ್ಡಿನ ಕೊನೆಯ ಹೋಳನ್ನು ಹೆಬ್ಬೆರಳಿನಿಂದ ಒತ್ತಿದಳು. ಗುಳಿ ಬಿದ್ದು ನಿಧಾನವಾಗಿ ಮೇಲೆದ್ದಿತು. ಮನೆಯ ತೂಕದ ಯಂತ್ರದ ಮೇಲೆ ಅಣ್ಣನನ್ನು ಅವಳು ಮತ್ತೆ ನಿಲ್ಲಿಸಲಿಲ್ಲ. ಅವನು ಹತ್ತಲು ಹೋದಾಗ, "ಬೇಡ, ನಾಳೆ ಅಲ್ಲೇ ಗೊತ್ತಾಗಲಿ" ಎಂದು ಅದನ್ನು ಮಂಚದ ಕೆಳಗೆ ತಳ್ಳಿದಳು. ಅವಳ ಹೆಸರಿಗೆ ತಕ್ಕ ಕೆಲಸವಲ್ಲ ಅದು. ಅತ್ತಿಗೆ ನೋಡಿಯೂ ನೋಡದ ಹಾಗಿದ್ದಳು.

ಸೋಮವಾರ ಆಸ್ಪತ್ರೆಯಲ್ಲಿ ನರ್ಸು ಅಣ್ಣನ ಚಪ್ಪಲಿ ಬಿಡಿಸಿ, ಜೇಬಿನಿಂದ ಕನ್ನಡಕದ ಡಬ್ಬಿ ತೆಗೆಸಿ, ಯಂತ್ರದ ಮೇಲೆ ನಿಲ್ಲಿಸಿದಳು. ಕೆಂಪು ಅಂಕಿಗಳು ಆ ಕಡೆ ಈ ಕಡೆ ಓಲಾಡಿ ನಿಂತವು. ನಲವತ್ತೈದು ಕಿಲೋ ಇನ್ನೂರು ಗ್ರಾಂ.

ಡಾಕ್ಟರು ಹಳೆಯ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರು. "ಹೋದ ಸಲಕ್ಕಿಂತ ಮುನ್ನೂರು ಗ್ರಾಂ ಕಮ್ಮಿ," ಅಂದರು.

"ನಡುವೆ ಎಂಟುನೂರಕ್ಕೆ ಇಳಿದಿತ್ತು, ಡಾಕ್ಟ್ರೇ," ಅಂದಳು ತಕ್ಕಡಿ. "ನಲವತ್ತನಾಲ್ಕು ಎಂಟುನೂರು. ಬುಧವಾರ ಬೆಳಿಗ್ಗೆ, ಬರೀ ಹೊಟ್ಟೇಲಿ. ಯಂತ್ರ ಬೇರೆ, ಒಪ್ತೀನಿ. ಆದ್ರೆ ಅಲ್ಲಿಂದ ಇದು ಏರಿದ್ದು." ಬರೆದುಕೊಂಡ ಚೀಟಿಯನ್ನು ಮುಂದಿಟ್ಟಳು. ಯಾವ ಹೊತ್ತಿಗೆ ಎಷ್ಟು ತಿಂದ, ಎಷ್ಟು ಹಾಲು, ಎಷ್ಟು ಬೆಣ್ಣೆ ಎಂಬುದೆಲ್ಲ ಅದರಲ್ಲಿತ್ತು.

ಡಾಕ್ಟರು ಅದನ್ನು ಕೊನೆಯವರೆಗೂ ಓದಿದರು. "ಬ್ರೆಡ್ಡು ಇಷ್ಟೊಂದು ಇಳೀತಿದೆಯಾ? ಈ ಕಾಯಿಲೆಯವರಿಗೆ ಬ್ರೆಡ್ಡೇ ಕಷ್ಟ. ಯಾವ ಅಂಗಡೀದು?"

"ಅಂಗಡೀದೇ," ಅಂದ ಅಣ್ಣ. "ನಮ್ಮ ಅಂಗಡೀದು."

ತಕ್ಕಡಿ ಅವನ ಪಾದದ ಮೇಲೆ ಕಾಲಿಟ್ಟಳು. ಡಾಕ್ಟರ ಮುಂದೆ ಮೈಲುತುತ್ತದ ಕಥೆ ಬಿಚ್ಚಿದರೆ ಇನ್ನೊಂದು ಟ್ಯೂಬು ಗ್ಯಾರಂಟಿ.

"ಎರಡು ವಾರ ನೋಡೋಣ," ಅಂದರು ಡಾಕ್ಟರು ಬರೆಯುತ್ತಾ. "ಇಲ್ಲಿಂದ ಇಳಿಯೋ ಹಾಗಿಲ್ಲ. ಈಗ ಟ್ಯೂಬು ಬೇಡ."

ಹೊರಗೆ ಬಂದಾಗ ಮೆಟ್ಟಿಲ ಮೇಲೆ ಬಿಸಿಲು ಬಿದ್ದಿತ್ತು. ಅಣ್ಣ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಅತ್ತಿಗೆ ಅವನ ಇನ್ನೊಂದು ತೋಳು ಹಿಡಿದಿದ್ದಳು. ತಕ್ಕಡಿ ಚೀಲದಿಂದ ಬ್ರೆಡ್ಡಿನ ಡಬ್ಬಿ ತೆಗೆದು, ಬಸ್ಸಿಗೆ ಕಾಯುವ ಬೆಂಚಿನ ಮೇಲೆ ಅವನ ಕೈಗೆ ಒಂದು ಚೂರು ಕೊಟ್ಟಳು. ಅವನು ಬೇಡ ಅನ್ನಲಿಲ್ಲ. ಎಳೆ ಎಳೆಯಾಗಿ ತಿನ್ನುತ್ತಾ ಬಂದುಹೋಗುವ ಬಸ್ಸುಗಳನ್ನು ನೋಡುತ್ತಿದ್ದವನು, ನಡುವೆ ಬಾಯಿ ಆಡಿಸುವುದನ್ನು ನಿಲ್ಲಿಸಿದ. ಹುಬ್ಬು ಗಂಟಿಕ್ಕಿದ.

"ಏನಾಯ್ತು? ಸಿಕ್ಕಿಹಾಕ್ಕೊಂತಾ?" ತಕ್ಕಡಿ ನೀರಿನ ಬಾಟಲಿಗೆ ಕೈ ಹಾಕಿದಳು.

"ಇಲ್ಲ." ಅವನು ಇನ್ನೊಂದು ಎಳೆ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿ ನೋಡಿದ. "ಇದಕ್ಕೆ ಉಪ್ಪು ಕಮ್ಮಿಯಾಯ್ತಲ್ಲೇ."

"ಐದು ಗ್ರಾಂ ಹಾಕಿದ್ದೀನಿ. ತೂಗಿ..." ಎಂದು ಶುರು ಮಾಡಿದ ತಕ್ಕಡಿ ಅಲ್ಲಿಗೇ ನಿಂತಳು.

ಅತ್ತಿಗೆ ಗಂಡನ ಮುಖವನ್ನು ನೋಡಿದಳು, ಆಮೇಲೆ ನಾದಿನಿಯ ಮುಖವನ್ನು. ಸೆರಗು ಎಳೆದುಕೊಂಡು ರಸ್ತೆಯ ಕಡೆ ತಿರುಗಿ, ದನಿ ನೆಟ್ಟಗೆ ಬರುವವರೆಗೂ ಕಾದಳು.

"ಐದು ತಿಂಗಳು ಹಾಯಾಗಿದ್ದೆ, ಅಡುಗೆ ಬಗ್ಗೆ ಒಂದು ಮಾತಿಲ್ಲದೆ," ಅಂದಳು. "ಶುರುವಾಯ್ತು ನೋಡು."